ಐಸ್ ಮಧ್ಯೆ ಎರಡು ಹಡಗು

ಮಂಡ್ಯದ ಈ ಬಿಸಿಲಲ್ಲೂ ತಲೇಲಿ ಎರೆಬಸ್, ಟೆರರ್ ಅನ್ನೋ ಎರಡು ಹಡಗೇ ಓಡಾಡ್ತಾವೆ ಕಣ್ರಪ್ಪಾ. 1839ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅನ್ನೋ ನೌಕಾಪಡೆ ಕ್ಯಾಪ್ಟನ್ ಇವೆರಡ್ರಲ್ಲಿ ಇಂಗ್ಲೆಂಡಿಂದ ಹೊರಟಿದ್ದು, ಇಂಜಿನ್ನೂ ಇಲ್ಲ, ಬರೀ ಹಾಯಿ, ಅದ್ರಲ್ಲೇ ಐಸ್ ಸೀಳ್ಕೊಂಡು ದಕ್ಷಿಣಕ್ಕೆ, ಅಂಟಾರ್ಕ್ಟಿಕಾಗೆ ಹೋಗಿ 1841ರ ಜನವರೀಲಿ ನೋಡ್ತಾರೆ, ಸುತ್ತ ಹಿಮ, ಮಧ್ಯೆ ಬೆಂಕಿ ಉಗುಳ್ತಿರೋ ಬೆಟ್ಟ! ಅದಕ್ಕೆ ಎರೆಬಸ್ ಅಂತ್ಲೇ ಹೆಸ್ರಿಟ್ರು. ಆಮೇಲೆ ಐಸಿನ ಗೋಡೆ, ಕೆಆರ್‌ಎಸ್ ಕಟ್ಟೆ ಬುಡದಲ್ಲಿ ನಿಂತು ಮೇಲಕ್ಕೆ ನೋಡ್ದಂಗೆ, ಆದ್ರೆ ನೂರಾರು ಮೈಲಿ ಹೋದ್ರೂ ಮುಗಿಯೋದೇ ಇಲ್ಲ.

ಇವೇ ಹಡಗು 1845ರಲ್ಲಿ ಫ್ರಾಂಕ್ಲಿನ್ ಅನ್ನೋ ಇನ್ನೊಬ್ಬ ಇಂಗ್ಲಿಷ್ ಕ್ಯಾಪ್ಟನ್ ಜೊತೆ ಉತ್ತರಕ್ಕೆ, ಆರ್ಕ್ಟಿಕ್ ಕಡೆ ಹೋದ್ವು, 129 ಜನ, ಒಬ್ರೂ ವಾಪಸ್ ಬರ್ಲಿಲ್ಲ. ಮುಳುಗಿದ್ದ ಹಡಗು ಸಿಕ್ಕಿದ್ದು 2014, 2016ರಲ್ಲಿ. ಅಲ್ಲಿನ ಇನ್ಯೂಟ್ ಜನ ಆವಾಗ್ಲೇ ಕಂಡಿದ್ದನ್ನೆಲ್ಲಾ ಹೇಳಿದ್ರು, ಲಂಡನ್ನಿನ ದೊಡ್ಡೋರು ಸರಿಯಾಗಿ ಕಿವಿಗೆ ಹಾಕ್ಕೊಳ್ಳಲಿಲ್ಲ, ಅದಕ್ಕೇ ಹೊಟ್ಟೆ ಉರೀತದೆ ನಂಗೆ.