ಮಳೆ ಹಿಡಿದ ಮೇಲೆ ಕೆಟ್ಟ ಕಡ್ಡಿಗಳು

2016ರ ಜೂನ್. ಮೃಗಶಿರಾ ಮಳೆ ಹಿಡಿದು ಲ್ಯಾಬಿನ ಕಿಟಕಿ ಮುಚ್ಚಿ ಕೂರುವಷ್ಟು ತಂಪಾಗಿತ್ತು. ಆ ವಾರ ನಮ್ಮ ಕೇಂದ್ರದ ಅತಿ ಒಳ್ಳೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಹೋರಿಯ ವೀರ್ಯದ ಮೂರು ಬ್ಯಾಚ್‌ಗಳನ್ನು ಒಂದರ ಹಿಂದೊಂದು ಬಿಸಾಡಿದೆ.

ನನ್ನ ಕೆಲಸ ಹೆಪ್ಪುಗಟ್ಟಿಸಿದ ವೀರ್ಯದ ಗುಣಮಟ್ಟ ನೋಡುವುದು. ಊರಿನಲ್ಲಿ ಹಸು ಬೆದೆಗೆ ಬಂದಾಗ ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರು ಗರ್ಭಧಾರಣೆಗೆ ಕಂಟೇನರಿನಿಂದ ಎತ್ತುವ ಕಡ್ಡಿ ಇದೆಯಲ್ಲ, ಅದು ಹುಟ್ಟುವುದು ನಮ್ಮಂಥ ಕಡೆ. ಕಾಲು ಎಂ.ಎಲ್. ಹಿಡಿಯುವ ಒಂದು ಕಡ್ಡಿಯಲ್ಲಿ 2 ಕೋಟಿ ವೀರ್ಯಾಣು. ಹೋರಿ ಒಂದು ಸಲಕ್ಕೆ 6 ಎಂ.ಎಲ್. ಕೊಟ್ಟು, ಪ್ರತಿ ಎಂ.ಎಲ್.ನಲ್ಲಿ 100 ಕೋಟಿ ಇದ್ದರೆ 300 ಕಡ್ಡಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಒಂದನ್ನು ತೆಗೆದು, 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಸೂಕ್ಷ್ಮದರ್ಶಕದಡಿ ನೋಡಬೇಕು. ನೂರರಲ್ಲಿ ಐವತ್ತಾದರೂ ಮುಂದಕ್ಕೆ ಈಜುತ್ತಿರಬೇಕು. ಇಲ್ಲದಿದ್ದರೆ ಬ್ಯಾಚ್ ಪೂರ್ತಿ ಕಸಕ್ಕೆ. ಆ ದಿನ ಮೂವತ್ತು, ಮೂವತ್ತೈದು ಕಾಣುತ್ತಿತ್ತು. ಅದೂ ಸುಮ್ಮನೆ ಅಲ್ಲಲ್ಲೇ ಗಿರಕಿ ಹೊಡೆಯುತ್ತಿದ್ದವು.

ತಾಜಾ ವೀರ್ಯ ಮಾತ್ರ ಪರೀಕ್ಷೆಯಲ್ಲಿ ಹೇಗೋ ನೂರಕ್ಕೆ 70ರ ಗೆರೆ ದಾಟಿ ಪಾಸಾಗುತ್ತಿತ್ತು. ಹಾಗಾಗಿ ತಪ್ಪು ಆಮೇಲೆ ಆಗಿದೆ ಎಂದುಕೊಂಡೆ. ಮೊಟ್ಟೆಯ ಹಳದಿ ಹಾಕಿ ತಯಾರಿಸುವ ದ್ರಾವಣ ಬದಲಿಸಿದೆ, ಫ್ರೀಜರ್ ಯಂತ್ರದ ರೀಡಿಂಗ್ ಎರಡೆರಡು ಸಲ ನೋಡಿದೆ. ಕೊನೆಗೆ ವೀರ್ಯ ಸಂಗ್ರಹಿಸುವ ಅಣ್ಣನ ಮೇಲೆ ಬಿದ್ದೆ. ಕೃತಕ ಯೋನಿಯನ್ನು (ಹೋರಿಯ ವೀರ್ಯ ಹಿಡಿಯುವ ಕೊಳವೆ) ಸರಿಯಾಗಿ ತೊಳೆದಿಲ್ಲ, ಸಾಬೂನು ಉಳಿದಿದೆ ಎಂದು ನಾಲ್ಕು ಜನರ ಮುಂದೆಯೇ ಅಂದೆ.

ಅವರು ಜಗಳಕ್ಕೆ ಬರಲಿಲ್ಲ. "ಬೋರು ಬತ್ತಿದಾಗ ನೀವು ಕೊಟ್ಟಿಗೆ ಕಡೆ ಎಷ್ಟು ಸಲ ಬಂದ್ರಿ ಸಾರ್?" ಅಂದರು ಅಷ್ಟೇ.

ನಿಜ, ಬಂದಿರಲಿಲ್ಲ. ಆ ಏಪ್ರಿಲ್‌ನಲ್ಲಿ ಬೆಂಗಳೂರೇ 39 ಡಿಗ್ರಿ ದಾಟಿತ್ತು, ನಮ್ಮದು ಬಯಲುಸೀಮೆ. ಹೆಚ್ಚುಕಡಿಮೆ ಮೂರು ವಾರ ಬೋರಿನಲ್ಲಿ ನೀರಿಲ್ಲ. ಟ್ಯಾಂಕರ್ ನೀರು ಕುಡಿಯಲು ಮಾತ್ರ, ಮೈಗೆ ಹಾಯಿಸುವುದು ಬಂದ್. ಸಂಜೆ ಕರೆಂಟ್ ಹೋದರೆ ಫ್ಯಾನೂ ಇಲ್ಲ. ಹಗಲೆಲ್ಲ ಕಾದ ಶೀಟಿನ ಮಾಡು ರಾತ್ರಿ ಹನ್ನೊಂದರವರೆಗೂ ಬಿಸಿ ಉಗುಳುತ್ತಿತ್ತಂತೆ, ಹೋರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವಂತೆ. ನಾನು ಎ.ಸಿ. ಲ್ಯಾಬಿನಲ್ಲಿದ್ದೆ. ಆಗಿನ ರಿಜಿಸ್ಟರ್ ತೆಗೆದು ನೋಡಿದರೆ ಬಿಸಿಲು ನೆತ್ತಿ ಸುಡುತ್ತಿದ್ದ ಮೊದಲ ಹತ್ತು ದಿನ ಈ ಹೋರಿ ಕೊಟ್ಟ ವೀರ್ಯ ಚೊಕ್ಕವಾಗಿತ್ತು. ನಾನು ಮೋಸಹೋದದ್ದು ಇಲ್ಲೇ.

ಹೋರಿಯ ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ ಬೇಕು. ಆಮೇಲೆ ಪಕ್ಕದ ನಾಳದಲ್ಲಿ ಮಾಗುತ್ತಾ ಸಾಗಲು ಇನ್ನೊಂದು ಎಂಟು-ಹತ್ತು ದಿನ. ಹಾಗಾಗಿ ಏಪ್ರಿಲ್ ಮಧ್ಯದಲ್ಲಿ ನಾನು ಮೆಚ್ಚಿ ಪಾಸು ಮಾಡಿದ್ದು ಫೆಬ್ರುವರಿಯಲ್ಲಿ ಶುರುವಾದ ಸರಕು. ಝಳಕ್ಕೆ ಬೆಂದದ್ದು ಆಗಿನ್ನೂ ವೃಷಣದೊಳಗೆ ಅರೆಬರೆಯಾಗಿದ್ದ ಕೋಶಗಳು. ಅವು ಎರಡು ವಾರ ಕಳೆದ ಮೇಲೆ ಒಂದೊಂದಾಗಿ ಹೊರಬರತೊಡಗಿ, ಜುಲೈ ಮೊದಲ ವಾರದವರೆಗೂ ಬರುತ್ತಲೇ ಇದ್ದವು. ಓದುವಾಗ ಪರೀಕ್ಷೆಯಲ್ಲಿ ಬರೆದ ಪಾಠವೇ ಇದು. ಕೆಲಸದ ಮೇಜಿನಲ್ಲಿ ನೆನಪಾಗಲಿಲ್ಲ.

ಅಣ್ಣನ ಮಾತು ಕೇಳಿ ಬಂದು, ಬಿಸಾಡುವ ಮುನ್ನ ಒಂದು ಸ್ಲೈಡಿಗೆ ಬಣ್ಣ ಹಾಕಿ ಎಣ್ಣೆ ಮಸೂರದಡಿ ಇಟ್ಟೆ. ಬಾಲ ಸುರುಳಿ ಸುತ್ತಿದವು, ತಲೆ ಕಳಚಿ ಬಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಬುಗುರಿಯ ಹಾಗೆ ಬುಡ ಚೂಪಾದ ತಲೆಗಳು. ಸಾಬೂನು ವೀರ್ಯಾಣುವನ್ನು ಕೊಂದೀತು, ಅದರ ತಲೆಯನ್ನು ಬುಗುರಿ ಮಾಡಲಾರದು. ತಲೆಯ ಆಕಾರ ತೀರ್ಮಾನವಾಗುವುದು ವೃಷಣದ ಒಳಗೇ. ಮೊದಲ ದಿನವೇ ಈ ಸ್ಲೈಡ್ ನೋಡಿದ್ದರೆ ಅಣ್ಣನ ಎದುರು ತಲೆತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ. ಇಂಥ ಬೆಂದ ವೀರ್ಯಾಣು ತಾಜಾ ಇದ್ದಾಗ ಹೇಗೋ ಓಡಾಡಿಕೊಂಡಿರುತ್ತದೆ, ಹೆಪ್ಪುಗಟ್ಟಿಸಿ ಕರಗಿಸುವ ಪೆಟ್ಟನ್ನು ಮಾತ್ರ ತಾಳುವುದಿಲ್ಲ.

ದನದ ಮೈ 38.5 ಡಿಗ್ರಿ ಇದ್ದರೆ ವೃಷಣ ಅದಕ್ಕಿಂತ ಎರಡರಿಂದ ಆರು ಡಿಗ್ರಿ ತಣ್ಣಗಿರಬೇಕು. ಅದಕ್ಕೇ ಚೀಲ ಹೊರಗೆ ತೂಗಾಡುವುದು, ಸೆಕೆಗೆ ಸಡಿಲಾಗಿ ಕೆಳಗಿಳಿಯುವುದು, ಚಳಿಗೆ ಮುದುಡಿ ಮೇಲೇರುವುದು. ಒಳಗೆ ಬರುವ ಬಿಸಿ ರಕ್ತನಾಳದ ಸುತ್ತ ತಣ್ಣನೆಯ ರಕ್ತ ಹಿಂದಿರುಗುವ ನಾಳಗಳು ಬಲೆಯಂತೆ ಹೆಣೆದುಕೊಂಡು ಶಾಖ ಹೀರುತ್ತವೆ. ನಮ್ಮ ನಾಟಿ ಹೋರಿಗಳಲ್ಲಿ ಈ ಏರ್ಪಾಡು ಇನ್ನೂ ಚೆನ್ನಾಗಿದೆ: ಬಿಸಿ ರಕ್ತ ತರುವ ಆ ನಾಳ ಉದ್ದ, ಅದರ ಗೋಡೆ ತೆಳು. ಅದೇ ಮಾಡಿನಡಿ ಅದೇ ಮೂರು ವಾರ ಕಳೆದ ಹಳ್ಳಿಕಾರ್ ಹೋರಿಯ ಕಡ್ಡಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮುರ್ರಾ ಕೋಣದ ಕಪ್ಪು ಚರ್ಮದಲ್ಲಿ ಬೆವರು ಗ್ರಂಥಿ ಕಡಿಮೆ, ನೀರಿಲ್ಲದೆ ಅದು ಎಚ್‌ಎಫ್‌ನಷ್ಟೇ ಬಳಲಿತು.

ಆಮೇಲೆ ನಮ್ಮಲ್ಲಿ ಒಂದಷ್ಟು ಬದಲಾಯಿತು. ಥರ್ಮಾಮೀಟರು ಆಫೀಸಿನಿಂದ ಕೊಟ್ಟಿಗೆಗೆ ಹೋಯಿತು, ಜೊತೆಗೆ ತೇವಾಂಶ ಅಳೆಯುವುದೂ ಬಂತು. ತೇವಾಂಶ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಎರಡನ್ನೂ ಸೇರಿಸಿ ಸೆಕೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಶಾಖ-ತೇವಾಂಶ ಸೂಚ್ಯಂಕಕ್ಕೆ ಹಾಕಿ ನೋಡಿ, ಕರಾವಳಿಯ 32 ಡಿಗ್ರಿ, 80 ಶೇಕಡಾ ತೇವಾಂಶ 86ಕ್ಕೆ ಬರುತ್ತದೆ. ಬಯಲಿನ 38 ಡಿಗ್ರಿ, 25 ಶೇಕಡಾ 83 ಮಾತ್ರ. ಎಚ್‌ಎಫ್ ದನಕ್ಕೆ 72 ದಾಟಿದರೇ ಸಂಕಟ ಶುರು ಎನ್ನುತ್ತಾರೆ. ಗಾಳಿಯಾಡದ ಕೊಟ್ಟಿಗೆಯಲ್ಲಿ ಬರೀ ಫಾಗರ್ (ನೀರನ್ನು ಮಂಜಿನಂತೆ ಚಿಮ್ಮಿಸುವ ಸಾಧನ) ಬಿಟ್ಟರೆ ಹಬೆಯಲ್ಲಿ ಕೂಡಿಹಾಕಿದಂತೆ, ಫ್ಯಾನ್ ಜೊತೆಗಿರಲೇಬೇಕು. ಹೋರಿಗೆ ಜ್ವರ ಬಂದರೂ ಕಥೆ ಇದೇ. ಮೂರು ದಿನದ ಜ್ವರ ಬಂದುಹೋದ ಹೋರಿ ಮೇವು ತಿಂದು ಗುಟುರು ಹಾಕತೊಡಗಿದರೂ ಮುಂದಿನ ಎರಡು ತಿಂಗಳು ಅದರ ಸ್ಲೈಡ್ ಬಿಗಿಯಾಗಿ ನೋಡುತ್ತೇನೆ. ಲ್ಯಾಬಿನ ಗೋಡೆಯ ಕ್ಯಾಲೆಂಡರಿನಲ್ಲಿ ಇಂಥ ದಿನಗಳಿಗೆ ಕೆಂಪು ಗುರುತು, ಅಲ್ಲಿಂದ ಎಪ್ಪತ್ತು ದಿನ ಎಣಿಸಿ ಇನ್ನೊಂದು ಗುರುತು.

ಅಣ್ಣನ ಪರೀಕ್ಷೆ ಇದಕ್ಕಿಂತ ಸರಳ. ಯುಗಾದಿ ಕಳೆದ ಮೇಲೆ ರಾತ್ರಿ ಹತ್ತರ ಸುಮಾರಿಗೆ ಟಾರ್ಚ್ ಹಿಡಿದು ಕೊಟ್ಟಿಗೆ ಸುತ್ತುತ್ತಾರೆ. ಚೀಲ ಮೇಲೆ ಸರಿದಿದ್ದರೆ ಸುಮ್ಮನೆ ಹೋಗಿ ಮಲಗುತ್ತಾರೆ. ಇಲ್ಲದಿದ್ದರೆ ನನಗೆ ಫೋನ್ ಬರುತ್ತದೆ: "ಇನ್ನೂ ಜೋತು ಬಿದ್ದೈತೆ ಸಾರ್, ನೀರು ಬಿಡ್ತೀನಿ." ಸರಿ ಅಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇನೆ.