ಶಾರ್ಕ್ ಎಂದರೆ ಯಾಕಿಷ್ಟು ಭಯ?

ಶಾರ್ಕ್ ಅಂದರೆ ಎಲ್ಲರಿಗೂ ಭಯ. ಆದರೂ ಟಿವಿಯಲ್ಲಿ ಬಂದರೆ ಕಣ್ಣು ಕೀಳಲು ಆಗುವುದಿಲ್ಲ, ಅಲ್ವಾ? ಇಡೀ ಜಗತ್ತಿನಲ್ಲಿ ಅದರ ದಾಳಿಗೆ ಸಾಯುವವರು ವರ್ಷಕ್ಕೆ 10 ದಾಟುವುದೇ ಅಪರೂಪ. ಮನುಷ್ಯರು ಕೊಲ್ಲುವ ಶಾರ್ಕ್‌ಗಳು ಮಾತ್ರ ಕೋಟಿಗಟ್ಟಲೆ.

ಗುಜರಾತಿನ ಸೌರಾಷ್ಟ್ರ ಕರಾವಳಿಗೆ ತಿಮಿಂಗಿಲ ಶಾರ್ಕ್ ಬರುತ್ತದೆ. ಬಸ್ಸಿನಷ್ಟು ಉದ್ದ, ತಿನ್ನುವುದು ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು), ಪುಟ್ಟ ಮೀನು. ಪಾಪದ್ದು. ಅದರ ಲಿವರ್ ಎಣ್ಣೆಯನ್ನು ದೋಣಿಗೆ ಬಳಿಯಲೆಂದು ಹಿಂದೆ ಬೇಟೆಯಾಡುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಬಲೆಗೆ ಸಿಕ್ಕಿಬಿದ್ದರೆ ಅದೇ ಮೀನುಗಾರರು ತಮ್ಮ ದುಬಾರಿ ಬಲೆಯನ್ನೇ ಕತ್ತರಿಸಿ ಕಡಲಿಗೆ ಬಿಡುತ್ತಾರೆ. ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ ನಿಜ, ಆದರೆ ಆ ಹೊತ್ತಿನ ದುಡಿಮೆ ಹೋಯಿತಲ್ಲ? ಅವರ ಮೇಲೆ ನನಗೆ ತುಂಬಾ ಗೌರವ.