ಮುಖಪುಟ ಯಾರನ್ನು ನೋಡುತ್ತದೆ

1988ರಲ್ಲಿ ನಾನು ಮುಂಬಯಿಯ ಮಾಟುಂಗದಲ್ಲಿ ಸೋದರಮಾವನ ಹೊಟೇಲಿನ ಕ್ಯಾಶಿನಲ್ಲಿ ಕೂರುತ್ತಿದ್ದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಕಾಫಿಗೆ ಜನ ಬರುವ ನಡುವೆ ಸಿಗುತ್ತಿದ್ದ ಒಂದೂವರೆ ಗಂಟೆಯನ್ನು ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ, ಹಳೆಯ ಪುಸ್ತಕ ಮಾರುವವರ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಕಳೆಯುತ್ತಿದ್ದೆ. ಅಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಪುಸ್ತಕಗಳ ರಾಶಿಗಳಾಚೆ ವಿದೇಶಿ ಪತ್ರಿಕೆಗಳ ಒಂದು ಸಣ್ಣ ಪೇರಿಕೆ ಇರುತ್ತಿತ್ತು. ಯಾರೋ ವಿಮಾನದಲ್ಲಿ ತಂದು, ಓದಿ, ರದ್ದಿಗೆ ಹಾಕಿದವು. ಅದರಲ್ಲಿ ಒಂದು ದಿನ ನನಗೆ ಸಿಕ್ಕಿದ್ದು ಬ್ರಿಟನ್ನಿನ ‘ಸ್ಮ್ಯಾಶ್ ಹಿಟ್ಸ್’ ಎಂಬ ಪಾಪ್ ಸಂಗೀತ ಪತ್ರಿಕೆಯ ಒಂದು ಸಂಚಿಕೆ. ಮುಖಪುಟದಲ್ಲಿದ್ದ ಗಾಯಕನ ಹೆಸರು ನನಗೆ ಗೊತ್ತಿರಲಿಲ್ಲ, ಅವನ ಹಾಡನ್ನು ನಾನು ಕೇಳಿರಲಿಲ್ಲ. ಆದರೆ ಅವನು ನೇರವಾಗಿ ನನ್ನ ಕಣ್ಣನ್ನೇ ನೋಡುತ್ತಿದ್ದ.

ಒಳಗೆ ತಿರುವಿದಾಗ ಬಣ್ಣದ ಚೌಕಗಳಲ್ಲಿ ಹಾಡುಗಳ ಸಾಹಿತ್ಯ ಮೊದಲಿನಿಂದ ಕೊನೆಯವರೆಗೆ ಅಚ್ಚಾಗಿರುವುದು ಕಂಡಿತು. ನನಗೆ ತಟ್ಟನೆ ಊರಿನ ನೆನಪಾಯಿತು. ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ಕೆಲವೇ ಪೈಸೆಗಳಿಗೆ ಮಾರುತ್ತಿದ್ದ ಸಿನಿಮಾ ಹಾಡಿನ ಪುಸ್ತಕವನ್ನು ನನ್ನ ಅಕ್ಕಂದಿರು ಪಾಠದ ಪುಸ್ತಕದೊಳಗೆ ಬಚ್ಚಿಟ್ಟು ಬಾಯಿಪಾಠ ಮಾಡುತ್ತಿದ್ದರು. ‘ಸ್ಮ್ಯಾಶ್ ಹಿಟ್ಸ್’ ಮಾಡಿದ್ದು ಅದೇ ಕೆಲಸವನ್ನು, ಹೆಚ್ಚು ನುಣುಪಾದ ಕಾಗದದಲ್ಲಿ. ಅದನ್ನು 1978ರಲ್ಲಿ ಆರಂಭಿಸಿದ ನಿಕ್ ಲೋಗನ್ ಅದಕ್ಕೂ ಮೊದಲು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ವಾರಪತ್ರಿಕೆಯ ಸಂಪಾದಕನಾಗಿದ್ದವನು. ಆ ವಾರಪತ್ರಿಕೆಯ ಉದ್ದುದ್ದ ವಿಮರ್ಶೆಗಳು ಯಾರನ್ನು ಮುಟ್ಟುತ್ತಿರಲಿಲ್ಲವೋ ಅಂಥವರಿಗಾಗಿ, ಅಂದರೆ ಶಾಲೆಗೆ ಹೋಗುವ ಹುಡುಗಿಯರಿಗಾಗಿ, ತಂಗಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಗೋಡೆಗೆ ಚಿತ್ರ ಅಂಟಿಸುವವರಿಗಾಗಿ, ಅವನು ಈ ಪತ್ರಿಕೆಯನ್ನು ಕಟ್ಟಿದ. ಹಾಡಿನ ಮಾತು, ನಡುಪುಟದ ದೊಡ್ಡ ಚಿತ್ರ, ಗಾಯಕನಿಗೆ ಯಾವ ತಿಂಡಿ ಇಷ್ಟ ಎಂಬಂಥ ಪ್ರಶ್ನೆಗಳು. ಇವನ್ನು ಹಗುರವೆಂದು ತಳ್ಳಿಹಾಕುವ ದೊಡ್ಡವರನ್ನು ನಾನು ಬಹಳ ಕಂಡಿದ್ದೇನೆ, ಆದರೆ ಆ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ಹದಿಮೂರರ ಮಗುವನ್ನು ಗೌರವದಿಂದ ನಗಿಸುವುದು ಸುಲಭದ ಬರವಣಿಗೆಯಲ್ಲ. ಎಂಬತ್ತರ ದಶಕದ ಕೊನೆಗೆ ಅದರ ಒಂದೊಂದು ಸಂಚಿಕೆ ಹತ್ತು ಲಕ್ಷದ ಹತ್ತಿರ ಮಾರಾಟವಾಗುತ್ತಿದ್ದದ್ದು ಆ ಶ್ರಮದ ಫಲ.

ಮಾವನಿಗೆ ನನ್ನ ಈ ಹುಚ್ಚು ಅರ್ಥವಾಗುತ್ತಿರಲಿಲ್ಲ. ‘‘ಹಾಡು ಕೇಳದೆ ಹಾಡಿನ ಸುದ್ದಿ ಓದಿ ಎಂಥ ಮಾಡ್ತೀ ಮಾರಾಯ? ತಿಂಡಿಯ ಬೋರ್ಡು ಓದಿದ್ರೆ ಹೊಟ್ಟೆ ತುಂಬ್ತದಾ?’’ ಎಂದು ಒಮ್ಮೆ ಕೇಳಿದರು. ನಾನು ಆಗ ಉತ್ತರ ಕೊಡಲಿಲ್ಲ. ಆದರೆ ಬೋರ್ಡು ಓದಿದ ಮೇಲೆಯೇ ಹಸಿವು ಹುಟ್ಟುತ್ತದೆ ಎಂಬುದನ್ನು ಕ್ಯಾಶಿನಲ್ಲಿ ಕೂತ ನಾನು ದಿನಕ್ಕೆ ನೂರು ಸಲ ನೋಡುತ್ತಿದ್ದೆ. ಸಂಗೀತ ಪತ್ರಿಕೆಯ ಆಕರ್ಷಣೆಯ ಮೊದಲ ಗುಟ್ಟು ಇದೇ ಎಂದು ನನ್ನ ನಂಬಿಕೆ. ಕಿವಿಗೆ ಬೀಳದ ಹಾಡೊಂದನ್ನು ಅದು ಮಾತಿನಲ್ಲಿ ಬಡಿಸುತ್ತದೆ. ಓದುಗ ಅದನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾನೆ, ಆಮೇಲೆ ನಿಜವಾದ ಹಾಡಿಗಾಗಿ ತಿಂಗಳುಗಟ್ಟಲೆ ಹುಡುಕುತ್ತಾನೆ. ಕಾಲಾಘೋಡಾದ ರಿದಮ್ ಹೌಸ್ ಅಂಗಡಿಯಲ್ಲಿ, ಅದು 2016ರಲ್ಲಿ ಮುಚ್ಚುವ ತನಕ, ನಾನು ಹೀಗೆ ಹುಡುಕಿದ ಕ್ಯಾಸೆಟ್ಟುಗಳಿಗೆ ಲೆಕ್ಕವಿಲ್ಲ.

ಓದುಗನಿಗೆ ವಯಸ್ಸಾಗುತ್ತದೆ ಎಂಬುದನ್ನು ಬೇಗ ಅರಿತವರು ಕೂಡ ‘ಸ್ಮ್ಯಾಶ್ ಹಿಟ್ಸ್’ನಲ್ಲಿ ದುಡಿದವರೇ. ಅದರ ಸಂಪಾದಕರಾಗಿದ್ದ ಮಾರ್ಕ್ ಎಲ್ಲೆನ್ ಮತ್ತು ಡೇವಿಡ್ ಹೆಪ್‌ವರ್ತ್ 1986ರಲ್ಲಿ ‘ಕ್ಯೂ’ ಎಂಬ ಮಾಸಿಕವನ್ನು ತಂದರು. ಸಿ.ಡಿ. ಪ್ಲೇಯರು 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತ್ತು. ನೌಕರಿ, ಮನೆ, ಮಕ್ಕಳು ಎಲ್ಲ ಆಗಿದ್ದ ಮೂವತ್ತರ ಗಂಡಸರು ತಮ್ಮ ಹರೆಯದ ಎಲ್.ಪಿ.ಗಳನ್ನೇ ಸಿ.ಡಿ.ಯಲ್ಲಿ ಮತ್ತೊಮ್ಮೆ ಕೊಳ್ಳುತ್ತಿದ್ದರು. ಅವರ ಜೇಬಿನಲ್ಲಿ ಹಣವಿತ್ತು, ಹೊಸ ಹಾಡಿನ ಸುದ್ದಿಯನ್ನು ವಾರವಾರ ಬೆನ್ನಟ್ಟುವಷ್ಟು ಬಿಡುವಿರಲಿಲ್ಲ. ಆದ್ದರಿಂದ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಕ್ಷತ್ರಗಳ ಸಂಖ್ಯೆಯಲ್ಲಿ ಹೇಳಿಬಿಡುವ ನೂರಾರು ಚುಟುಕು ವಿಮರ್ಶೆಗಳನ್ನು ‘ಕ್ಯೂ’ ಅವರಿಗೆ ಕೊಟ್ಟಿತು. 1993ರಲ್ಲಿ ಬಂದ ‘ಮೋಜೋ’ ಇನ್ನೂ ಹಿಂದಕ್ಕೆ ಹೋಗಿ, ಅರವತ್ತರ ದಶಕದ ಒಂದೊಂದು ಧ್ವನಿಮುದ್ರಣದ ಕಥೆಯನ್ನು ಇತಿಹಾಸಕಾರನ ತಾಳ್ಮೆಯಿಂದ ಹೇಳಿತು. ಇವುಗಳ ಮುಖಪುಟಗಳಲ್ಲಿ ಇಪ್ಪತ್ತರ ಹೊಸ ಮುಖಗಳಿಗಿಂತ ಆಗಲೇ ಹೆಸರು ಮಾಡಿದ ಹಳೆಯ ಕಲಾವಿದರ ಮುಖಗಳೇ ಹೆಚ್ಚು, ಏಕೆಂದರೆ ಮುಖಪುಟವನ್ನು ಆರಿಸುವವರ ಕಣ್ಣೆದುರು ಇರುವುದು ಕಲಾವಿದನಿಗಿಂತ ಮೊದಲು ಓದುಗ.

ಈ ಮಾತು ನನಗೆ ಪೂರ್ತಿ ತಿಳಿದದ್ದು ನೌಕರಿಗೆ ಸೇರಿದ ಮೇಲೆ. ರಾತ್ರಿ ಕಾಲೇಜು ಮುಗಿಸಿ, ಲೋವರ್ ಪರೇಲಿನ ಒಂದು ಪತ್ರಿಕಾ ಸಂಸ್ಥೆಯ ಜಾಹೀರಾತು ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಪತ್ರಿಕೆಗೆ ಇಬ್ಬರು ಗಿರಾಕಿಗಳು. ಓದುಗ ಸಂಚಿಕೆಯನ್ನು ಕೊಳ್ಳುತ್ತಾನೆ, ಜಾಹೀರಾತುದಾರ ಆ ಓದುಗನನ್ನು ಕೊಳ್ಳುತ್ತಾನೆ. ಎರಡನೆಯವನು ಕೊಡುವ ಹಣವೇ ದೊಡ್ಡದು. ಹಾಗಾಗಿ ನಮ್ಮ ಮೇಜಿನ ಮೇಲೆ ಸದಾ ಇರುತ್ತಿದ್ದದ್ದು ಜಾಹೀರಾತಿನ ದರ ಹೇಳುವ ರೇಟ್ ಕಾರ್ಡು, ಪತ್ರಿಕೆಗಳ ಮಾರಾಟವನ್ನು ತಪಾಸಣೆ ಮಾಡುವ ಎ.ಬಿ.ಸಿ. ಸಂಸ್ಥೆ ಕೊಟ್ಟ ಪ್ರಸಾರ ಸಂಖ್ಯೆಯ ಪ್ರಮಾಣಪತ್ರ ಮತ್ತು ನಮ್ಮ ಓದುಗ ಎಂಥವನು ಎಂದು ವರ್ಣಿಸುವ ಮೀಡಿಯಾ ಕಿಟ್. ಈ ಕಲೆಯ ಅತ್ಯಂತ ಹೆಸರಾಂತ ಉದಾಹರಣೆ ‘ರೋಲಿಂಗ್ ಸ್ಟೋನ್’ ಪತ್ರಿಕೆಯದು. 1967ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜ್ಯಾನ್ ವೆನ್ನರ್ ಮತ್ತು ರಾಲ್ಫ್ ಗ್ಲೀಸನ್ ಅದರ ಮೊದಲ ಸಂಚಿಕೆಯನ್ನು ತಂದಾಗ ಅದು ಹಿಪ್ಪಿ ಪೀಳಿಗೆಯ ಮನೆಮಾತಾಯಿತು. ಅದೇ ಹೆಸರು ಎಂಬತ್ತರ ದಶಕದಲ್ಲಿ ಅದಕ್ಕೆ ತೊಡಕಾಯಿತು. ಕಾಸಿಲ್ಲದ ಹಿಪ್ಪಿಗಳಿಗೆ ಕಾರು, ಕೈಗಡಿಯಾರ ಮಾರುವುದು ಹೇಗೆ ಎಂದು ಜಾಹೀರಾತುದಾರರು ಹಿಂಜರಿದರು. ಆಗ 1985ರಲ್ಲಿ ಪತ್ರಿಕೆ ಜಾಹೀರಾತು ಉದ್ಯಮದವರು ಓದುವ ಪತ್ರಿಕೆಗಳಲ್ಲಿ ಎದುರುಬದುರಾದ ಎರಡು ಪುಟಗಳನ್ನು ಕೊಂಡಿತು. ಒಂದರಲ್ಲಿ ಉದ್ದಗೂದಲಿನ ಹಿಪ್ಪಿ, ಮೇಲೆ ‘ಜನರ ಗ್ರಹಿಕೆ’ ಎಂಬರ್ಥದ ಒಂದೇ ಪದ. ಇನ್ನೊಂದರಲ್ಲಿ ಅಚ್ಚುಕಟ್ಟಾಗಿ ಕ್ರಾಪು ತೆಗೆಸಿದ ಯುವಕ, ಮೇಲೆ ‘ವಾಸ್ತವ’. ನಮ್ಮ ವಿಭಾಗಕ್ಕೆ ಸೇರಿದ ಹೊಸಬರಿಗೆಲ್ಲ ಮೊದಲ ವಾರವೇ ಈ ಜಾಹೀರಾತನ್ನು ತೋರಿಸುತ್ತಿದ್ದರು. ನಾನು ಅದರ ಜಾಣ್ಮೆಯನ್ನು ಮೆಚ್ಚಿದ್ದೇನೆ, ಆದರೆ ಆ ಎಡಪುಟದ ಮನುಷ್ಯನನ್ನು ನೆನೆದು ಇಂದಿಗೂ ನನಗೆ ನೋವಾಗುತ್ತದೆ. ಪತ್ರಿಕೆಯನ್ನು ಮೊದಲ ದಿನದಿಂದ ಸಾಕಿದವನು ಅವನು.

ನಮ್ಮ ಮೀಡಿಯಾ ಕಿಟ್ಟಿನಲ್ಲಿಯೂ ಓದುಗನೆಂದರೆ ‘ಸೆಕ್ ಎ’ ವರ್ಗದವನು, ಅಂದರೆ ಜಾಹೀರಾತು ಲೋಕದ ಲೆಕ್ಕದಲ್ಲಿ ಅತಿ ಮೇಲಿನ ಮಟ್ಟದ ಮನೆಯವನು, ಇಪ್ಪತ್ತೈದರೊಳಗಿನವನು, ದಕ್ಷಿಣ ಮುಂಬಯಿ ಅಥವಾ ಬಾಂದ್ರಾದವನು. ಓದುಗರ ಪತ್ರಗಳನ್ನು ಬಿಡಿಸಿ ಜೋಡಿಸುವ ಕೆಲಸ ಕೆಲವು ತಿಂಗಳು ನನ್ನ ಪಾಲಿಗೆ ಬಂದಿತ್ತು. ಲಕೋಟೆಯ ಹಿಂಬದಿಯ ವಿಳಾಸಗಳು ಕಲ್ಯಾಣ, ಹುಬ್ಬಳ್ಳಿ, ಮೀರಜ್, ಕಾರವಾರದವು. ಒಂದೇ ಸಂಚಿಕೆಯನ್ನು ಹಾಸ್ಟೆಲಿನಲ್ಲಿ ಎಂಟು ಜನ ಓದುತ್ತೇವೆಂದು ಬರೆದವರಿದ್ದರು. ಇವರ ಬಗ್ಗೆ ಕಿಟ್ಟಿನಲ್ಲಿ ಒಂದು ಸಾಲಾದರೂ ಸೇರಿಸಬೇಕೆಂದು ನಾನು ಮೇಲಿನವರನ್ನು ಕೇಳಿಕೊಂಡೆ. ಅವರಿಂದ ದರ ಏರುವುದಿಲ್ಲ ಎಂಬ ಉತ್ತರ ಬಂತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕಿಂಗ್ಸ್ ಸರ್ಕಲ್ಲಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ ಹುಡುಗನೂ ಯಾವ ಕಿಟ್ಟಿನಲ್ಲಿಯೂ ಇರಲಿಲ್ಲವೆಂಬುದು ಆ ದಿನ ನನಗೆ ಗಟ್ಟಿಯಾಗಿ ತಾಗಿತು.

ಓದುಗರ ಪತ್ರದ ಪುಟ ಇಂಥ ಪತ್ರಿಕೆಗಳ ಜೀವನಾಡಿ ಎಂದೇ ನಾನು ಹೇಳುತ್ತೇನೆ. ‘ಕೆರಾಂಗ್’ ಪತ್ರಿಕೆ 1981ರಲ್ಲಿ ಆರಂಭವಾದದ್ದು ‘ಸೌಂಡ್ಸ್’ ವಾರಪತ್ರಿಕೆಯ ಒಂದು ಪುರವಣಿಯಾಗಿ. ಗಿಟಾರಿನ ತಂತಿಗಳನ್ನು ಒಮ್ಮೆಲೇ ಬಾರಿಸಿದಾಗ ಏಳುವ ಸದ್ದೇ ಅದರ ಹೆಸರು. ಊರಿಗೆ ಒಬ್ಬನೋ ಇಬ್ಬರೋ ಇದ್ದ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಪ್ರಿಯರು ತಮ್ಮಂಥವರು ಬೇರೆಡೆಯೂ ಇದ್ದಾರೆಂದು ತಿಳಿದದ್ದು ಅದರ ಪುಟಗಳಲ್ಲಿ. ಒಂಟಿಯಾಗಿ ಕೇಳುವವನಿಗೆ ಇದೇ ನನ್ನ ಜನ ಎಂಬ ಭರವಸೆಯನ್ನು ಕೊಡುವುದು ರೇಡಿಯೋದಿಂದಲೂ ಕ್ಯಾಸೆಟ್ಟಿನಿಂದಲೂ ಅಷ್ಟು ಸುಲಭವಾಗಿ ಆಗದ ಕೆಲಸ.

ನಮ್ಮಲ್ಲಿ ಮಾತ್ರ ಆ ಕೆಲಸವನ್ನು ರೇಡಿಯೋ ಮಾಡಿತು. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ 1952ರ ನವೆಂಬರಿನಲ್ಲಿ ಅಂಗಡಿಗಳಿಗೆ ಫೋನು ಮಾಡಿ ಮಾರಾಟ ವಿಚಾರಿಸಿ ಬ್ರಿಟನ್ನಿನ ಮೊದಲ ಜನಪ್ರಿಯ ಹಾಡುಗಳ ಪಟ್ಟಿಯನ್ನು ಅಚ್ಚು ಹಾಕಿತು. ಮರುತಿಂಗಳೇ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರು ನಡೆಸಿಕೊಡುತ್ತಿದ್ದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಆರಂಭವಾಯಿತು. ಪತ್ರ ಬರೆದ ಕೇಳುಗರ ಹೆಸರು, ಊರುಗಳು ಗಾಳಿಯಲ್ಲಿ ತೇಲಿಬರುತ್ತಿದ್ದವು, ಝುಮ್ರಿ ತಲೈಯಾ ಎಂಬ ಊರಿನ ಹೆಸರು ದೇಶಕ್ಕೆಲ್ಲ ಪರಿಚಯವಾದದ್ದೇ ಇಂಥ ಕೋರಿಕೆ ಪತ್ರಗಳಿಂದ. ಜನಪ್ರಿಯ ಸಂಗೀತಕ್ಕೇ ಮೀಸಲಾದ ದೊಡ್ಡ ಪತ್ರಿಕೆ ನಮ್ಮ ಭಾಷೆಗಳಲ್ಲಿ ಬೇರೂರದೆ ಹೋದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಜನಪ್ರಿಯ ಹಾಡೆಂದರೆ ಸಿನಿಮಾ ಹಾಡು, ಅದರ ಮುಖ ನಟಿಯದು. 1949ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ರೆಕಾರ್ಡಿನ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಇದ್ದದ್ದು ಕಾಮಿನಿ ಎಂಬ ಪಾತ್ರದ ಹೆಸರು. ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಹಿನ್ನೆಲೆ ಗಾಯನಕ್ಕೆ ಜಾಗ ಸಿಕ್ಕಿದ್ದು 1959ರಲ್ಲಿ. ಹಾಡುವವರ ಮುಖವೇ ಕಾಣದಿದ್ದಾಗ ಮುಖಪುಟಕ್ಕೆ ಹಾಕುವುದು ಯಾರನ್ನು? ಹಾಗಾಗಿ ಹಾಡಿನ ಸುದ್ದಿ ಸಿನಿಮಾ ಪತ್ರಿಕೆಯ ಒಂದು ಮೂಲೆಯಲ್ಲಿ ಉಳಿಯಿತು.

ಆ ಮೂಲೆಯಿಂದ ಹೊರಬಂದ ಒಂದು ಪತ್ರಿಕೆಯನ್ನು ನಾನು ಬಹಳ ಪ್ರೀತಿಯಿಂದ ಓದಿದೆ. ಅಮಿತ್ ಸೈಗಲ್ 1993ರಲ್ಲಿ ಅಲಹಾಬಾದಿನಿಂದ ಹೊರತಂದ ‘ರಾಕ್ ಸ್ಟ್ರೀಟ್ ಜರ್ನಲ್’. ಅದರ ಓದುಗ ಯಾರೆಂಬುದರಲ್ಲಿ ಎಳ್ಳಷ್ಟೂ ಗೊಂದಲವಿರಲಿಲ್ಲ: ಕಾಲೇಜಿನ ಬ್ಯಾಂಡಿನಲ್ಲಿ ಬಾರಿಸುವವನು, ಅಥವಾ ಬಾರಿಸಬೇಕೆಂದು ಹಂಬಲಿಸುವವನು. ಧೋಬಿ ತಲಾವಿನ ರಂಗಭವನದಲ್ಲಿ 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಕಾರ್ಯಕ್ರಮಕ್ಕೆ ಹೋಗಿ ಮಳೆಯಲ್ಲಿ ನೆನೆಯುತ್ತ ನಿಂತ ನಮ್ಮಂಥವರಿಗೆ, ನಾವು ಆ ಸಂಜೆ ಕೇಳಿದ ಬ್ಯಾಂಡುಗಳ ಹೆಸರು ಅಚ್ಚಿನಲ್ಲಿ ಕಂಡಾಗ ಆದ ಸಂತೋಷವನ್ನು ಯಾವ ವಿದೇಶಿ ಪತ್ರಿಕೆಯೂ ಕೊಟ್ಟಿರಲಿಲ್ಲ. ‘ರೋಲಿಂಗ್ ಸ್ಟೋನ್’ನ ಭಾರತೀಯ ಆವೃತ್ತಿ 2008ರಲ್ಲಿ ಬಂದಾಗ ಅದರ ಕಾಗದ, ಮುದ್ರಣ ಎಲ್ಲವೂ ಎಷ್ಟೋ ಮೇಲಾಗಿದ್ದವು, ನಾನು ಅದನ್ನು ಆಸಕ್ತಿಯಿಂದ ಓದಿದೆ, ಆದರೆ ಕಟ್ಟಿಡಲಿಲ್ಲ.

ಬ್ರಿಟನ್ನಿನ ಹಳೆಯ ಹೆಸರುಗಳು ಒಂದೊಂದಾಗಿ ನಿಂತವು: ‘ಸ್ಮ್ಯಾಶ್ ಹಿಟ್ಸ್’ 2006ರಲ್ಲಿ, ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ನ ಮುದ್ರಿತ ವಾರದ ಸಂಚಿಕೆ 2018ರಲ್ಲಿ, ‘ಕ್ಯೂ’ 2020ರಲ್ಲಿ. ನಾನು ಕೂಡಿಟ್ಟ ಹಳೆಯ ಪತ್ರಿಕೆಗಳ ಕಟ್ಟು ಮಾತ್ರ ಡೊಂಬಿವಲಿಯ ಮನೆಯ ಅಟ್ಟದ ಮೇಲಿದೆ. ಹೋದ ತಿಂಗಳು ಗಿಟಾರ್ ಕಲಿಯುತ್ತಿರುವ ಅಕ್ಕನ ಮೊಮ್ಮಗ ಬಂದಿದ್ದಾಗ ಅದನ್ನು ಇಳಿಸಿದೆ. ಮುಖಪುಟಗಳನ್ನು ಅವನು ಸರಸರನೆ ದಾಟಿಸಿದ. ಅವನ ಬೆರಳು ನಿಂತದ್ದು ಹಿಂಬದಿಯ ಸಣ್ಣ ಅಕ್ಷರದ ಜಾಹೀರಾತುಗಳ ಪುಟದಲ್ಲಿ, ಡ್ರಮ್ಮರ್ ಬೇಕು, ಹಾಡುವವರು ಬೇಕು ಎಂಬ ಎರಡೆರಡು ಸಾಲುಗಳಲ್ಲಿ. 1967ರಲ್ಲಿ ಎಲ್ಟನ್ ಜಾನ್ ಮತ್ತು ಸಾಹಿತ್ಯ ಬರೆಯುವ ಬರ್ನಿ ಟಾಪಿನ್ ಇಬ್ಬರೂ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ನ ಇಂಥದೇ ಒಂದು ಜಾಹೀರಾತಿಗೆ ಬೇರೆ ಬೇರೆಯಾಗಿ ಉತ್ತರಿಸಿ, ಅದರಿಂದಲೇ ಜೊತೆಗೂಡಿದರೆಂದು ಅವನಿಗೆ ಹೇಳಿದೆ. ಅವನು ಒಂದು ಜಾಹೀರಾತಿನ ಮೇಲೆ ಬೆರಳಿಟ್ಟು, ‘‘ಅಜ್ಜ, ಇವರಿಗೆ ಡ್ರಮ್ಮರ್ ಸಿಕ್ಕಿದನಾ?’’ ಎಂದು ಕೇಳಿದ. ಅದರ ಪಕ್ಕದಲ್ಲಿ, ಪತ್ರಿಕೆಯನ್ನು ನನಗಿಂತ ಮೊದಲು ಓದಿದ ಯಾರೋ, ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದ್ದರು.